ದಾರ ಕಚ್ಚುವ ಜಾಗ

“ಮೂಲ ಗಾಯಕಿ ಯಾರಮ್ಮಾ?” ಟೋಪಿ ಹಾಕಿಕೊಂಡಿದ್ದ ನಿರೂಪಕ ಮತ್ತೆ ಕೇಳಿದ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಸ್ಟೂಲಿನ ಮೇಲೆ ಕುಳಿತಿದ್ದ ಹುಡುಗಿ ಮತ್ತೆ ಅದೇ ಉತ್ತರ ಕೊಟ್ಟಳು. “ನಮ್ಮಮ್ಮ.”

ಹಾಲ್ ತುಂಬ ನಗು. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಅಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಬೆಳಗಿನಿಂದ ಶಾಲೆಯ ಅಂಗಿಗಳಿಗೆ ಕಾಜಾ ಹೊಲಿದು, ಮೈಮೇಲೆ ಅಂಟಿದ ನೂಲಿನ ಚೂರುಗಳನ್ನೂ ಕೊಡವಿಕೊಳ್ಳದೆ ಓಡಿ ಬಂದಿದ್ದಳು. ಮಗಳು ಎಲ್ಲರಂತೆ ಯಾವುದೋ ಸಿನಿಮಾ ಹಾಡು ಹಾಡುತ್ತಾಳೆ, ನಾಲ್ಕು ಜನ ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದವಳಿಗೆ ಇದೆಲ್ಲಿಯ ಗ್ರಹಚಾರ!

“ನೋಡು, ಇದು ಕವರ್ ಹಾಡುಗಳ ಸಂಜೆ. ಬೇರೆಯವರ ಹಾಡನ್ನ ನಮ್ಮ ದನಿಯಲ್ಲಿ ಹಾಡೋದು. ಮೈಕ್ ಇಲ್ಲ, ಕರೆಂಟ್ ವಾದ್ಯ ಇಲ್ಲ, ಸ್ವಂತ ಹಾಡೂ ಇಲ್ಲ. ಅಷ್ಟೇ ನಿಯಮ.”

“ಇದು ನನ್ನ ಸ್ವಂತದ್ದಲ್ಲ ಅಣ್ಣಾ, ಅಮ್ಮಂದು. ಬೇರೆಯವರದ್ದೇ ಆಯ್ತಲ್ಲ?”

“ಅದನ್ನ ಯಾರಾದ್ರೂ ಕೇಳಿರ್ಬೇಕಲ್ಲ ತಾಯಿ?”

“ನಾನು ಕೇಳಿದೀನಿ. ನನ್ನ ತಮ್ಮ ಕೇಳಿದಾನೆ. ಪಕ್ಕದ ಮನೆಯವರು ಬೇಡ ಬೇಡ ಅಂದ್ರೂ ಕೇಳಿದಾರೆ.”

ಈ ಸಲದ ನಗು ಹುಡುಗಿಯ ಪರವಾಗಿತ್ತು. ಟೋಪಿಯವನು ಸೋತವನಂತೆ ಕೈ ಆಡಿಸಿದ. ಅವಳು ಶುರು ಮಾಡಿದಳು: ‘ಸೂಜಿ ಮುಂದೆ ನಡೆಯಿತು, ದಾರ ಹಿಂದೆ ಓಡಿತು, ನಿದ್ದೆ ಎಂಬ ಅಂಗಿಗೆ ತೋಳು ಒಂದೇ ಉಳಿಯಿತು...’ ಅಮ್ಮ ತಲೆ ತಗ್ಗಿಸಿದಳು. ಅದು ಹಾಡು ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಚಿಂದಿ ಬಟ್ಟೆಯ ರಾಶಿಯ ಮೇಲೆ ಮಲಗಿಸಿದ ಕೂಸಿನ ಅಳು ನಿಲ್ಲಲಿ, ಗಿರಾಕಿ ಬಾಗಿಲು ತಟ್ಟುವಷ್ಟರಲ್ಲಿ ಕೆಲಸ ಮುಗಿಯಲಿ ಎಂದು, ಮಿಷನ್ ತುಳಿಯುತ್ತ ಬಾಯಿಗೆ ಬಂದದ್ದನ್ನು ಗುನುಗಿದ್ದಳು, ಅಷ್ಟೆ.

ಎರಡನೇ ಸಾಲು ಮುಗಿದದ್ದೇ ಹುಡುಗಿ ಗಕ್ಕನೆ ಹಾಡು ನಿಲ್ಲಿಸಿದಳು. ಗಿಟಾರೂ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮುಂದಿನ ಸಾಲು ಹಿಡಿದಳು, ಅದರ ಕೊನೆಗೂ ಹಾಗೇ ನಿಲ್ಲಿಸಿದಳು.

“ತಾಳ ತಪ್ತು, ತಾಳ ತಪ್ತು!” ಟೋಪಿಯವನು ಕಾಯುತ್ತಿದ್ದವನಂತೆ ಎದ್ದುಬಂದ. “ಚಪ್ಪಾಳೆ ಹೊಡೀರಿ, ಪಾಪ. ಅಮ್ಮನ ಹಾಡುಗಳು ಮನೇಲಿದ್ರೇನೇ ಚೆಂದ, ಅಲ್ವಾ? ಮುಂದಿನವರು ಬನ್ನಿ.”

“ತಪ್ಪಿಲ್ಲ. ಅಲ್ಲಿ ನಿಲ್ಲಿಸ್ಬೇಕು,” ಎಂದಳು ಹುಡುಗಿ. ಅವಳು ಸ್ಟೂಲಿನಿಂದ ಅಲುಗಲಿಲ್ಲ. “ಅಮ್ಮ ಯಾವಾಗ್ಲೂ ನಿಲ್ಲಿಸ್ತಿದ್ಲು.”

“ಯಾಕಂತೆ?”

ಹುಡುಗಿ ತಡವರಿಸಿದಳು. “ಗೊತ್ತಿಲ್ಲ. ಹಾಡೇ ಹಾಗಿದೆ.”

ಅಮ್ಮನಿಗೆ ಗೊತ್ತಿತ್ತು. ತಾನು ಕೆಲಸದ ನಡುವೆ ಅನಿವಾರ್ಯವಾಗಿ ಬಾಯಿ ಮುಚ್ಚಿದ್ದನ್ನು ಈ ಹುಡುಗಿ ಹಾಡಿನ ಭಾಗವೆಂದೇ ತಿಳಿದು, ಇಷ್ಟು ವರ್ಷ ಒಂದೆಳೆ ಬಿಚ್ಚದಂತೆ ಕಾಪಾಡಿಕೊಂಡು ಬಂದಿದ್ದಾಳೆ. ಇವನು ನೋಡಿದರೆ ಮನೇಲಿದ್ರೇ ಚೆಂದ ಅನ್ನುತ್ತಾನೆ. ಇಷ್ಟು ಹೊತ್ತು ಮುಖ ಸುಡುತ್ತಿದ್ದ ನಾಚಿಕೆ ಯಾವಾಗ ಸಿಟ್ಟಾಯಿತೋ, ಎದ್ದು ನಿಂತಿದ್ದಳು.

“ಇಳೀಬೇಡ ಕಣೇ!”

ತಲೆಗಳೆಲ್ಲ ಹಿಂದೆ ತಿರುಗಿದವು. ದಿನವಿಡೀ ತುಳಿದು ಮರಗಟ್ಟಿದ್ದ ಕಾಲನ್ನು ಎಳೆದುಕೊಂಡು ಅವಳು ಕುರ್ಚಿಗಳ ನಡುವೆ ವೇದಿಕೆಯತ್ತ ನಡೆದಳು. “ಅಲ್ಲಿ ನಾನು ದಾರ ಕಚ್ತಿದ್ದೆ.”

“ಏನಂದ್ರಿ?”

“ಹೊಲಿಗೆ ಮುಗಿದ್ಮೇಲೆ ದಾರ ತುಂಡು ಮಾಡ್ಬೇಕಲ್ಲಪ್ಪ. ಕತ್ತರಿ ಇವಳ ಕೈಗೆ ಸಿಗಬಾರ್ದು ಅಂತ ಎಲ್ಲೋ ಮೇಲೆ ಇಟ್ಟಿರ್ತಿದ್ದೆ. ಹಾಗಾಗಿ ಹಲ್ಲೇ ಕತ್ತರಿ. ಬಾಯಲ್ಲಿ ದಾರ ಇಟ್ಕೊಂಡು ನೀವು ಹಾಡಿ ನೋಡೋಣ, ಯಾವ ತಾಳ ತಪ್ಪಲ್ವೋ ನೋಡ್ತೀನಿ.”

“ಅಮ್ಮಾ, ಇನ್ನೂ ತುಂಬ ಜನ ಕಾಯ್ತಿದಾರೆ. ಸಾಕು ಮಾಡಿ.”

“ನಾನೇನು ಬೇಡ ಅಂದ್ನಾ? ಮೈಕ್ ಆರಿಸಿಬಿಡಿ.” ಅವಳು ವೇದಿಕೆಯ ಮೇಲೆಲ್ಲ ಹುಡುಕುವವಳಂತೆ ಕಣ್ಣಾಡಿಸಿದಳು. “ಓ, ನಿಮ್ಮಲ್ಲಿ ಮೈಕೇ ಇಲ್ಲ ಅಲ್ವಾ.”

ಯಾರೋ ಶಿಳ್ಳೆ ಹಾಕಿದರು. ಅವಳು ಮೊದಲ ಸಾಲಿನ ಖಾಲಿ ಕುರ್ಚಿಯೊಂದನ್ನು ಎತ್ತಿ ವೇದಿಕೆಯ ಮೇಲಿಟ್ಟು, ಮಗಳ ಪಕ್ಕದಲ್ಲಿ ಕುಳಿತಳು. ಹುಡುಗಿಯ ಕಣ್ಣು ತುಂಬಿತ್ತು. ಅಮ್ಮ ಅದನ್ನು ಕಂಡೂ ಕಾಣದಂತೆ ಗದರಿದಳು. “ನೀನೂ ಏನು ಕಡಿಮೆ ಇಲ್ಲ. ಎರಡನೇ ಸಾಲನ್ನ ಅಷ್ಟು ಎಳೀತಾರಾ? ಎಳೆದ್ರೆ ಹೊಲಿಗೆ ಸುಕ್ಕು ಬೀಳತ್ತೆ. ಮೊದಲಿಂದ ಹಾಡು.”

ಚಪ್ಪಲಿ ಕಳಚಿ ಬದಿಗಿಟ್ಟು, ಪಾದಗಳನ್ನು ಹಲಗೆಯ ಮೇಲೆ ಊರಿ, ಹಿಮ್ಮಡಿ ಒಮ್ಮೆ, ಬೆರಳು ಒಮ್ಮೆ ಒತ್ತುತ್ತ ತುಳಿಯತೊಡಗಿದಳು. ದಡಕ್ ದಡಕ್, ದಡಕ್ ದಡಕ್. ಟೊಳ್ಳು ವೇದಿಕೆ ಮಿಷನ್ನಿನಂತೆ ಗುಡುಗಿತು. ಮಗಳ ದನಿ ಅದರ ಮೇಲೇರಿತು. ಸೂಜಿ ನಡೆಯಿತು, ದಾರ ಓಡಿತು, ತೋಳು ಉಳಿಯಿತು. ಆ ಜಾಗ ಬಂದದ್ದೇ ಕಾಲು, ಗಿಟಾರು, ದನಿ ಎಲ್ಲವೂ ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ಅಮ್ಮ ಕತ್ತು ಬಾಗಿಸಿ, ಇಲ್ಲದ ದಾರವನ್ನು ಹಲ್ಲಿನಿಂದ ಕಡಿದಳು: ಟಕ್.

ಮುಂದಿನ ಸಲ ಆ ಜಾಗ ಬಂದಾಗ ಇಡೀ ಹಾಲ್ ದಾರ ಕಚ್ಚಿತು. ಬಾಯಿ ತೆರೆದುಕೊಂಡೇ ನಿಂತಿದ್ದವನು ಟೋಪಿಯವನೊಬ್ಬನೇ.