ಮಾರ್ಸೆಲ್ ಸರ್ ಇಲ್ಲ

“ಮಾರ್ಸೆಲ್ ಸರ್ ಇಲ್ಲ.”

ಮಾತು ಮುಗಿಯುವ ಮೊದಲೇ ಒಳಗಿನ ಕೋಣೆಯಲ್ಲಿ ಯಾರೋ ಜೋರಾಗಿ ಸೀನಿದರು. ತಮೀಮ್ ಮುಚ್ಚಿದ ಬಾಗಿಲನ್ನು ನೋಡಿದ. ರಿಸೆಪ್ಷನ್ ಮೇಜಿನ ಹೆಂಗಸು ಕಂಪ್ಯೂಟರನ್ನು ನೋಡಿದಳು.

“ಅದು ಯಾರು ಅಕ್ಕ?”

“ಎಸಿ. ಹಾಳಾಗಿದೆ.”

ಕೊಲ್ಲಿ ನಾಡಿನ ಅಲ್ ಬರ್ಷಾದ ಈ ಆಫೀಸಿಗೆ ತಮೀಮ್ ಅಲೆಯತೊಡಗಿ ಸಾಕಷ್ಟು ದಿನವಾಗಿತ್ತು. ಕೋರ್ಟಿನ ನೋಟಿಸು ತಲುಪಿಸುವ ಖಾಸಗಿ ಕಂಪನಿಯೊಂದರಲ್ಲಿ ಅವನಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಕೈಯಲ್ಲಿದ್ದ ಲಕೋಟೆ ಈ ಆಫೀಸಿನವರ ಮೇಲಿನ ದಾವೆಯದು. ಇದರ ಮಾಲೀಕರು ಯಾವ ದೇಶದಲ್ಲಿದ್ದಾರೋ ದೇವರಿಗೇ ಗೊತ್ತು. ಅವರ ಪರವಾಗಿ ಕಾಗದಪತ್ರ ತೆಗೆದುಕೊಳ್ಳಲು ಇಲ್ಲಿ ಹೆಸರು ನೋಂದಾಯಿಸಿಕೊಂಡ ಪ್ರತಿನಿಧಿ ಮಾರ್ಸೆಲ್. ಆ ಮಹಾನುಭಾವ ಲಕೋಟೆಯ ವಾಸನೆ ಬಂದರೆ ಮಾಯ. ಅವನ ಮುಖ ಹೇಗಿದೆಯೆಂದೇ ತಮೀಮನಿಗೆ ಗೊತ್ತಿರಲಿಲ್ಲ.

ದಾವೆ ಹಾಕಿದವಳು ರಾಜೀವಿ ಎಂಬ ಹೆಣ್ಣುಮಗಳು. ಅಲ್ ಐನ್‌ನ ಶಾಲೆಯೊಂದರಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿದೆ, ಪಾಸ್‌ಪೋರ್ಟ್ ಮಾತ್ರ ಈ ಕಂಪನಿಯ ಕಪಾಟಿನಲ್ಲಿ ಬಂದಿಯಾಗಿದೆ. ಇವತ್ತೂ ನೋಟಿಸು ತಲುಪದಿದ್ದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ, ಶಾಲೆಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಕಂಡು ಕೇಳಿರದ ಆ ಹೆಂಗಸಿಗಾಗಿ ತಮೀಮನ ಕರುಳು ಚುರುಕ್ಕೆನ್ನುತ್ತಿತ್ತು.

ಅವನು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. “ಅಕ್ಕ, ಮಾರ್ಸೆಲ್ ಸರೇ ಆಗ್ಬೇಕು ಅಂತ ಇಲ್ಲ. ಕಂಪನಿಯವರು ಯಾರು ತಗೊಂಡ್ರೂ ಆಗ್ತದೆ. ನೀವೇ ಒಂದು ಸೈನ್ ಹಾಕಿ ಸೀಲ್ ಒತ್ತಿ. ಖಲಾಸ್.”

“ಯಾರು ತಗೊಂಡ್ರೂ ಆಗ್ಬಹುದು. ನಾನು ತಗೊಂಡ್ರೆ ಆಗುದಿಲ್ಲ.”

“ಹೆದರಿಕೆಯಾ?”

“ಹೆದರಿಕೆ ಎಂತದು ಮಾರಾಯ್ರೆ! ಕೆಲಸ ಕೆಡ್ತದೆ, ಅಷ್ಟೆ.”

ಹೊಟ್ಟೆಪಾಡು, ಪಾಪ, ಎಂದುಕೊಂಡ ತಮೀಮ್. “ಚಾ ಮಾಡುವವನು ತಗೊಂಡರೂ ನಡೆಯುತ್ತದೆ, ದಾವೆ ಹಾಕಿದವರ ಕೈಗೇ ಕೊಟ್ಟು ಬರಬೇಡ ಮಾರಾಯ, ಅದು ನಿಲ್ಲುವುದಿಲ್ಲ” ಎಂದು ಅವನ ಮೇಲಧಿಕಾರಿ ಧರ್ಮಪಾಲಣ್ಣ ಕೆಲಸ ಕಲಿಸುವಾಗ ಹೇಳಿದ್ದ. ಅಷ್ಟು ದಡ್ಡ ಯಾರಿರುತ್ತಾರೆಂದು ತಮೀಮ್ ಆಗ ಬಿದ್ದು ಬಿದ್ದು ನಕ್ಕಿದ್ದ. ಇಲ್ಲಿ ನೋಡಿದರೆ ತೆಗೆದುಕೊಳ್ಳಬಹುದಾದವಳೇ ಜಪ್ಪಯ್ಯ ಅಂದರೂ ಕೈ ಚಾಚುತ್ತಿಲ್ಲ.

ಆದರೂ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಮೊದಲ ದಿನವೇ ಊರು ಕೇಳಿಯಾಗಿತ್ತು. ಅವಳದು ಕಾಪು, ಇವನದು ಉಚ್ಚಿಲ. ಇವನ ಮಾವ ಮಮ್ಮುವಿನ ಬಟ್ಟೆ ಅಂಗಡಿಯಲ್ಲಿ ಅವಳು ಶಾಲೆಯ ಯೂನಿಫಾರ್ಮ್ ಹೊಲಿಸಿದ್ದೂ ಗೊತ್ತಾಯಿತು. ಇನ್ನೇನು ಬೇಕು? ಅಂದಿನಿಂದ ಅಕ್ಕ ಅಂದರೆ ಅಕ್ಕ. ಹೋದಾಗಲೆಲ್ಲ ಚಾ, ಬಿಸ್ಕಿಟ್, ಊರ ಸುದ್ದಿ. ನೋಟಿಸು ಮಾತ್ರ ಇಲ್ಲ.

“ಆ ರಾಜೀವಿಯ ಗತಿ ನೆನೆಸಿ ಅಕ್ಕ. ಎಲ್ಲಿ ಕಣ್ಣೀರು ಹಾಕಿಕೊಂಡು ಕೂತಿದ್ದಾರೋ.”

“ಕಣ್ಣೀರು ಯಾಕೆ? ಎಲ್ಲಿಯೋ ಚಾ ಕುಡ್ಕೊಂಡು ಕೂತಿರ್ಬಹುದು,” ಎನ್ನುತ್ತ ಅವಳು ಬಿಸ್ಕಿಟನ್ನು ಕಪ್ಪಿನಲ್ಲಿ ಅದ್ದಿದಳು.

ಎಂಥ ಕಲ್ಲು ಮನಸ್ಸು! ತಮೀಮ್ ಪೆಚ್ಚುಮೋರೆ ಹಾಕಿಕೊಂಡು ಎದ್ದ. ಆಗ ಇಂಟರ್‌ಕಾಮ್ ಗೊರಗುಟ್ಟಿತು. “ರಿಸೆಪ್ಷನ್! ಹೋದನಾ ಅವ?”

“ಹೋಗ್ತಾ ಇದ್ದಾರೆ ಸರ್,” ಎಂದು ಅವಳು ಅದನ್ನು ಆರಿಸಿದಳು. ಬಳಿಕ ಗೋಡೆಗೆ ಹೇಳುವವಳಂತೆ ಮಾತಾಡಿದಳು. “ಸರ್‌ನ ಹೆಂಡತಿ ಊರಿಗೆ ಹೋಗಿದ್ದಾರೆ. ಹೋಟೆಲ್ ಊಟ ಉಂಡು ಉಂಡು ಸರ್ ಸೊರಗಿದ್ದಾರೆ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಅಂದ್ರೆ ಅವರಿಗೆ ಪ್ರಾಣ. ಇಲ್ಲದ ಸರ್‌ನ ವಿಷಯ ನಮಗೆ ಎಂತಕ್ಕೆ, ಅಲ್ವಾ?”

ತಮೀಮ್ ಅವಳನ್ನೇ ನೋಡಿದ. ಅವಳು ಕಂಪ್ಯೂಟರನ್ನು ನೋಡಿದಳು. ಅವನು ಹೆಂಡತಿ ಜಸೀನಾಳಿಗೆ ಫೋನು ಮಾಡುತ್ತಲೇ ಮೆಟ್ರೊ ಕಡೆ ಓಡಿದ.

ಮಧ್ಯಾಹ್ನ ಸ್ಟೀಲ್ ಡಬ್ಬಿಯೊಂದಿಗೆ ಮರಳಿ ಬಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಹುಣಸೆ ಹುಳಿಯ, ಒಣಮೆಣಸಿನ ಘಮ ಆಫೀಸನ್ನೆಲ್ಲ ತುಂಬಿತು. ಅಕ್ಕ ಮೇಜಿನ ಪುಟ್ಟ ಫ್ಯಾನನ್ನು ಒಳಕೋಣೆಯ ಕಡೆ ತಿರುಗಿಸಿದಳು.

ಚಿಲಕ ಸರಿದ ಸದ್ದಾಯಿತು. ಮೊದಲು ಮೂಗು, ಹಿಂದೆಯೇ ಹೊಟ್ಟೆ, ಆಮೇಲೆ ಇಡೀ ಮನುಷ್ಯ ಹೊರಗೆ ಬಂದ.

“ಯಾರದ್ದು ಇದು?”

“ಮಾರ್ಸೆಲ್ ಸರ್‌ಗೆ ಅಂತ ತಂದದ್ದು,” ಎಂದ ತಮೀಮ್.

“ನಾನೇ ಮಾರ್ಸೆಲ್!” ಎಂದವನು ಎರಡೂ ಕೈಯಲ್ಲಿ ಡಬ್ಬಿ ಎತ್ತಿಕೊಂಡ. ತಮೀಮ್ ಮುಚ್ಚಳ ಹಾಕಿ, ಅದರ ಮೇಲೆ ಲಕೋಟೆಯಿಟ್ಟು, ಗುರುತಿನ ಚೀಟಿ ತೋರಿಸಿದ. ಮಾರ್ಸೆಲ್ ಲಕೋಟೆ ನೋಡಿದ. ಡಬ್ಬಿ ನೋಡಿದ. ಬಹಳ ಹೊತ್ತು ಯೋಚಿಸಿದ.

“ಸೈನ್ ಹಾಕಿದ್ರೆ ಡಬ್ಬಿ ನನಗೇ ಅಲ್ವಾ?”

“ನಿಮಗೇ ಸರ್.”

ಸೈನ್ ಬಿತ್ತು. ಸೀಲ್ ಬಿತ್ತು. ಮಾರ್ಸೆಲ್ ಡಬ್ಬಿಯನ್ನೂ ಲಕೋಟೆಯನ್ನೂ ಅವುಚಿಕೊಂಡು ಒಳಗೆ ಹೋದ. ತಮೀಮನಿಗೆ ಕುಣಿಯುವಷ್ಟು ಖುಷಿ, ಆದರೆ ಜೊತೆಗೇ ಒಂದು ಅಳುಕು.

“ಅಕ್ಕ, ನನ್ನಿಂದಾಗಿ ನಿಮ್ಮ ಕೆಲಸಕ್ಕೆ ಎಂತ ಆದ್ರೂ ತೊಂದರೆ...”

“ಈ ಕೆಲಸಕ್ಕಾ?” ಅವಳು ಮೊದಲ ಬಾರಿಗೆ ಬಾಯ್ತುಂಬ ನಕ್ಕಳು.

ಒಳಗೆ ಲಕೋಟೆ ಹರಿದ ಸದ್ದು. ಆಮೇಲೆ ಇಂಟರ್‌ಕಾಮಿನ ಹಂಗಿಲ್ಲದೆ ಗೋಡೆ ನಡುಗುವಂಥ ಕೂಗು.

“ರಾಜೀವೀ!”

“ಹೇಳಿ ಸರ್,” ಎಂದಳು ಅಕ್ಕ.