ಎದುರುಮನೆಯ ಡಬ್ಬ

ಮನೆಯಲ್ಲಿ ಉಣ್ಣುವವಳು ಒಬ್ಬಳೇ, ಅದೂ ಎರಡು ತುತ್ತು. ಆದರೂ ವಿಮಲಾಕ್ಷಿಯ ತೂಕ ಏರುತ್ತಲೇ ಇತ್ತು.

“ಬಿಸಿ ಸಾರು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕ್ತೀರಲ್ಲ, ಅದರ ರಾಸಾಯನಿಕ ಸಾರಿಗಿಳಿದು ಹಾರ್ಮೋನು ಏರುಪೇರು ಮಾಡುತ್ತೆ. ತೂಕಕ್ಕೆ ಅದೂ ಒಂದು ಕಾರಣ ಇರಬಹುದು. ಎಲ್ಲ ಎಸೆದುಬಿಡಿ,” ಎಂದಿದ್ದರು ಡಾಕ್ಟರಮ್ಮ.

ತಿಂಗಳು ಬಿಟ್ಟು ಹೋದಾಗ ಕೇಳಿದರು, “ಎಸೆದ್ರಾ?”

“ಐಸ್‌ಕ್ರೀಂ ಡಬ್ಬ, ಹೋಟೆಲ್ ಡಬ್ಬ ಎಲ್ಲ ಹೋದ್ವು. ಒಂದಿದೆ. ಎದುರುಮನೆಯವರು ಹಬ್ಬಕ್ಕೆ ಪಾಯಸ ಕೊಟ್ಟಿದ್ದು.”

“ಖಾಲಿ ಡಬ್ಬ ಕೊಡಬಾರದು ಅಂತ ಇಟ್ಕೊಂಡಿದ್ದೀರಾ? ಒಂದಿಷ್ಟು ಸಕ್ಕರೆ ಹಾಕಿ ಕೊಟ್ಬಿಡಿ.”

“ಸಕ್ಕರೆ ಹಾಕಿಟ್ಟು ಮೂರು ವಾರ ಆಯ್ತು.”

“ಮತ್ತೆ?”

ವಿಮಲಾಕ್ಷಿ ಸೆರಗು ಸರಿಮಾಡಿಕೊಂಡಳು.

“ವಾರಕ್ಕೊಂದ್ಸಲ ಅವರು ಡಬ್ಬ ಕೇಳೋಕೆ ಬರ್ತಾರೆ. ಕೊಟ್ಬಿಟ್ರೆ ನನ್ನ ಬಾಗಿಲು ತಟ್ಟೋರು ಯಾರು, ಡಾಕ್ಟ್ರೇ?”