ಅಂಗಾಲಿನ ಅರ್ಹತೆ

ಒಂದನೇ ಕ್ಲಾಸಿಗೆ ಸೀಟು ಸಿಗಬೇಕಾದರೆ ಮಗುವಿನ ಅಂಗಾಲಿನಲ್ಲಿ ಮಚ್ಚೆ ಇರಬೇಕಿತ್ತು. ಮಸೂರದಡಿ ಅದರ ಕಪ್ಪು ಬಣ್ಣ ಚರ್ಮದ ಗೆರೆಗುಂಟ ಸಾಲಾಗಿ ಕಂಡರೆ ಮಗು ಜಾಣ, ಚದುರಿದ್ದರೆ ತರಲೆ. ಮಗಳು ಮಿಥಿಲಾಳಿಗೆ ಮಚ್ಚೆಯೇ ಇಲ್ಲವೆಂದು ವಾರಿಜಾ ವಾರದಿಂದ ಅನ್ನ, ನಿದ್ದೆ ಬಿಟ್ಟಿದ್ದಳು. ಆದರೂ ಶಾಲೆಗೆ ಕರೆತಂದಿದ್ದಳು.

"ಸ್ಕೇಲಿಟ್ಟು ಎಳೆದಂಗಿದೆಯಲ್ರೀ ಗೆರೆ!" ಮಗಳ ಪಾದ ಹಿಡಿದಿದ್ದ ತಪಾಸಣೆಯ ಮೇಷ್ಟ್ರು ಕೂಗಿದರು. "ಡಿಸಿ ಆಗ್ತಾಳೆ ಬಿಡಿ."

ವಾರಿಜಾ ಬಗ್ಗಿ ನೋಡಿದಳು. ಹೊರಡುವಾಗ ಅತ್ತೆ ಅಂಗಾಲಿಗೆ ಇಟ್ಟಿದ್ದ ದೃಷ್ಟಿಬೊಟ್ಟಿನ ಕಾಡಿಗೆ ಬೆವರಿಗೆ ಕರಗಿ ಅಲ್ಲಿನ ಗೆರೆಗಳಿಗೆ ಇಳಿದಿತ್ತು. ಮೇಷ್ಟ್ರು ಮುಟ್ಟಿ ನೋಡಲು ಹೆಬ್ಬೆರಳು ಚಾಚಿದರು.

"ಬೇಡಿ ಸಾರ್, ಕಚಗುಳಿಯಾದ್ರೆ ಮುಖಕ್ಕೇ ಒದೀತಾಳೆ," ಎನ್ನುತ್ತ ವಾರಿಜಾ ಸರಕ್ಕನೆ ಕಾಲುಚೀಲ ಏರಿಸಿದಳು.

ಮೇಷ್ಟ್ರು ನಕ್ಕು ಅರ್ಜಿಗೆ ಠಸ್ಸೆ ಒತ್ತಿದರು. ಇದನ್ನು ಯಾರಿಗೂ ಹೇಳಬಾರದೆಂದು ವಾರಿಜಾ ನಿಂತಲ್ಲೇ ನಿಶ್ಚಯಿಸಿದಳು. ಗಂಡನಿಗೂ ಇಲ್ಲ, ಅತ್ತೆಗಂತೂ ಸುತರಾಂ ಇಲ್ಲ.